ಮಹಾರಾಜರು ಉಂಡ ಕಲ್ಲು

"ಕೈ ಇಟ್ಟು ನೋಡಿ ಬೀಗ್ರೇ, ಒಸಿ ಕೈ ಇಟ್ಟು ನೋಡಿ! ಐಸ್ ಇದ್ದಂಗೈತೆ. ಬ್ಯಾಸ್ಗೇಲೂ ಹಿಂಗೇ ಅಂತೆ. ಇದ್ರ ಮ್ಯಾಲೆ ಮಜ್ಜಿಗೆ ಇಟ್ರೆ ವಾರ ಆದ್ರೂ ಹುಳಿ ಬರಾಕಿಲ್ಲ ಅಂತ ಮಹಾರಾಜ್ರೇ ಯೋಳವ್ರೆ."

ಚನ್ನಲಿಂಗಪ್ಪ ಊಟದ ಕೋಣೆಯ ನಡುವೆ ಇದ್ದ ಉದ್ದನೆಯ ಕರಿಕಲ್ಲಿನ ಮೇಜನ್ನು ಎಮ್ಮೆಯ ಬೆನ್ನು ಚಪ್ಪರಿಸಿದ ಹಾಗೆ ಚಪ್ಪರಿಸಿದ. ಮೇಜಿನ ಆಚೆ ಈಚೆ ಮೂರು ಮೂರು ಜನ ಮೊಣಕೈ ತಾಗಿಸಿಕೊಂಡು ಕೂತಿದ್ದರು. ಆ ಕಡೆ ಚನ್ನಲಿಂಗಪ್ಪ, ಅವನ ಹೆಂಡತಿ ಸೌಮ್ಯಶ್ರೀ, ಮಗಳು ಶ್ರುತಿ. ಈ ಕಡೆ ಗಂಡಿನವರು: ಹುಡುಗ ಶಶಾಂಕ, ಅವನ ತಾಯಿ ಮಂಗಳಗೌರಿ, ಸೋದರಮಾವ ಶಂಭುಲಿಂಗ. ಎಲೆಯ ಮೇಲೆ ಹೋಳಿಗೆ ಹಬೆಯಾಡುತ್ತಿತ್ತು.

ಹೊರಗೆ ಮಳೆ ಹುಯ್ಯುತ್ತಿತ್ತು. ಎಲ್ಲೋ ಸಮುದ್ರದಲ್ಲಿ ಎದ್ದ ಚಂಡಮಾರುತ ದಾರಿ ತಪ್ಪಿ ಕನಕಪುರದ ಕಡೆಗೆ ಬಂದು, ಬಂದಮೇಲೆ ಊರು ಹಿಡಿಸಿತು ಅನ್ನುವಂತೆ ಕೂತುಬಿಟ್ಟಿತ್ತು. ಮಾರ್ಗಶಿರದ ಚಳಿ ಒಂದು ಕಡೆ, ಜಡಿಮಳೆ ಒಂದು ಕಡೆ. ಕೋಡಿಹಳ್ಳಿ ದಾರಿಯುದ್ದಕ್ಕೂ ಕುಯ್ದ ರಾಗಿಯ ಮೆದೆಗಳು ನೀಲಿ ಟಾರ್ಪಾಲು ಹೊದ್ದು, ಜ್ವರ ಬಂದವರ ಹಾಗೆ ಹೊಲದಲ್ಲಿ ಮುದುಡಿ ಕೂತಿದ್ದವು. ಕಾರಿನಿಂದ ಇಳಿದು ಬಾಗಿಲಿಗೆ ಬರುವಷ್ಟರಲ್ಲಿ ಶಂಭುಲಿಂಗನ ಹೊಸ ಪಂಚೆ ಅಂಗಳದ ಕೆಂಪು ಮಣ್ಣನ್ನೆಲ್ಲ ಕುಡಿದುಬಿಟ್ಟಿತ್ತು.

ಚನ್ನಲಿಂಗಪ್ಪನಿಗೆ ಮಾಗಡಿಯಲ್ಲಿ ಶಾಮಿಯಾನದ ಅಂಗಡಿ. ಸೀಮೆಯ ಮದುವೆಗಳಿಗೆಲ್ಲ ಚಪ್ಪರ, ಕುರ್ಚಿ, ಹಂಡೆ, ಕೊಳಗ ಬಾಡಿಗೆಗೆ ಕೊಡುವವನು. ಆದರೆ ಒಬ್ಬಳೇ ಮಗಳ ಒಪ್ಪಿಗೆ ತಾಂಬೂಲವನ್ನು ಮಾತ್ರ ಚಪ್ಪರದ ಕೆಳಗೆ ಮಾಡಲಾರೆ ಎಂದು ಹಟ ಹಿಡಿದ. "ಊರೋರ್ಗೆಲ್ಲ ಬಟ್ಟೆ ಮನೆ ಕಟ್ಕೊಟ್ಟಿವ್ನಿ. ನನ್ ಮಗ್ಳಿಗೆ ಕಲ್ ಮನೇನೇ ಆಗ್ಬೇಕು" ಎಂದು ಹೇಳಿ, ಕೋಡಿಹಳ್ಳಿ ದಾಟಿದ ಮೇಲೆ ಹೊಂಗೇಕಟ್ಟೆಯಲ್ಲಿ ಇರುವ ಈ ಹಳೇ ಬಂಗಲೆಯನ್ನು ಶನಿವಾರ ಭಾನುವಾರ ಎರಡೂ ದಿನಕ್ಕೆ ಹಿಡಿದಿದ್ದ. ವರ್ಷಗಟ್ಟಲೆ ಪಾಳು ಬಿದ್ದಿದ್ದ ಕಟ್ಟಡವನ್ನು ಬೆಂಗಳೂರಿನವರು ಯಾರೋ ತೆಗೆದುಕೊಂಡು, ಸಿಮೆಂಟು ಕೆರೆಸಿ ಸುಣ್ಣದ ಗಾರೆ ಮೆತ್ತಿಸಿ, ನಾಡಹೆಂಚು ಹೊದಿಸಿ, ಕಮಾನಿಗೊಂದು ದೀಪ ತೂಗುಹಾಕಿ, ಬಾಗಿಲಲ್ಲಿ 'ಮಹಾರಾಜರ ಶಿಕಾರಿ ಬಂಗಲೆ' ಎಂದು ಬೋರ್ಡು ಹಾಕಿದ್ದರು. ಎರಡು ಮನೆಯವರೂ ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಒಳ್ಳೆ ಗಳಿಗೆಯಲ್ಲಿ ತಾಂಬೂಲ ಬದಲಾಯಿಸಿಕೊಂಡು ಹೊರಡುವುದೆಂದು ಮಾತಾಗಿತ್ತು.

"ಈ ಕಾಲ್ವೆ ನೋಡಿದ್ರಾ?" ಚನ್ನಲಿಂಗಪ್ಪ ಮೇಜಿನ ಅಂಚಿನಲ್ಲಿ ಸುತ್ತಲೂ ಬೆರಳಗಲ ಕೊರೆದಿದ್ದ ಗೆರೆಯ ಮೇಲೆ ಬೆರಳು ಓಡಿಸಿದ. "ಬಡಿಸೋನು ತಲೆ ಕಡೆ ನಿಂತ್ಕಂಡು ಸಾರು ಹುಯ್ದುಬುಟ್ರೆ ಸಾಕು, ತಾನೇ ಎಲ್ರ ಎಲೆ ಮುಂದ್ಕೂ ಹರ್ಕಂಡ್ ಬತ್ತಿತ್ತು. ಅನ್ನ ಅದ್ಕಳದು, ಉಣ್ಣದು!"

"ಹಂಗಾರೆ ಸಾರೆಲ್ಲ ಕೊನೇಲಿ ಕೂತಿರೋನ್ಗೇ ಹೋಯ್ತದಲ್ಲ ಬೀಗ್ರೇ?" ಎಂದ ಶಂಭುಲಿಂಗ ಮೂರನೇ ಹೋಳಿಗೆ ಮುರಿಯುತ್ತ.

"ಕೊನೇಲಿ ಕೂರ್ತಿದ್ದೋನು ದಿವಾನ! ಮತ್ತೆ ದಿವಾನ್ರಿಗೆ ಅಂಥ ಹೊಟ್ಟೆ ಎಂಗ್ ಬಂತು ಅನ್ಕಂಡ್ರಿ?"

ಶ್ರುತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಅಪ್ಪ, ನೆನ್ನೆ ಇದೇ ಕಾಲ್ವೇಲಿ ಪನ್ನೀರು ಹರೀತಿತ್ತು ಅಂದ್ರಿ."

"ಹಬ್ಬದ ದಿನ ಪನ್ನೀರು ಕಣಮ್ಮಿ. ವಾರದ ದಿನ ಸಾರು."

ಮಂಗಳಗೌರಿ ಅವಳ ನಗುವನ್ನು ನೋಡಿ ತಾನೂ ನಕ್ಕಳು. ಈ ಹುಡುಗಿ ಮೊದಲ ಸಲ ತಮ್ಮೂರು ಚನ್ನಪಟ್ಟಣಕ್ಕೆ ಬಂದಿದ್ದಾಗ ಮನೆಗೆ ಬರುವ ಬದಲು ನೇರ ತಮ್ಮ ಹಿಟ್ಟಿನ ಗಿರಣಿಗೆ ನುಗ್ಗಿ, ಹಿಟ್ಟಿನ ಧೂಳಿಗೆ ಸೀನಿ ಸೀನಿ, ರೆಪ್ಪೆಯೆಲ್ಲ ಬೆಳ್ಳಗಾಗಿದ್ದ ಶಶಾಂಕನನ್ನು ನೋಡಿ ಹೀಗೇ ನಕ್ಕಿದ್ದಳು. ಅವತ್ತೇ ಮಂಗಳಗೌರಿ ಮನಸ್ಸಿನಲ್ಲಿ ಸೊಸೆ ಎಂದುಕೊಂಡುಬಿಟ್ಟಿದ್ದಳು. ಇದಕ್ಕೆ ಮುಂಚೆ ಎರಡು ಸಂಬಂಧ ಬಂದು ಹೋಗಿದ್ದವು. ಬಂದವರು ಕಾಫಿ ಕುಡಿದು, "ತಂದೆ ಇಲ್ವಾ" ಎಂದು ಗಿರಣಿಯ ಕಡೆಗೊಮ್ಮೆ ಅವಳ ಹಣೆಯ ಕಡೆಗೊಮ್ಮೆ ನೋಡಿ, "ಇನ್ನೊಂದ್ ದಿನ ನೋಡಾನ" ಎಂದು ಎದ್ದು ಹೋಗಿದ್ದರು. ಚನ್ನಲಿಂಗಪ್ಪ ಒಬ್ಬ ಮಾತ್ರ ಅದನ್ನು ಕೇಳಲೇ ಇಲ್ಲ. ಕೇಳಲು ಅವನಿಗೆ ಪುರಸೊತ್ತು ಇರಲಿಲ್ಲ, ಬಂದ ಗಳಿಗೆಯಿಂದ ಹೋಗುವವರೆಗೆ ಅವನೇ ಹೇಳುತ್ತಿದ್ದ.

ಸೌಮ್ಯಶ್ರೀಗೆ ಬಿಕ್ಕಳಿಕೆ ಬಂತು. ಮಂಗಳಗೌರಿ ಅವಸರದಲ್ಲಿ ನೀರಿನ ಲೋಟ ಎತ್ತಿ ಕೊಡಹೋದಳು. ಕೈ ಜಾರಿತು. ತುಂಬಿದ ಲೋಟ ಕಲ್ಲಿನ ಮೇಲೆ ಉರುಳಿತು.

ನೀರು ಹರಡಲಿಲ್ಲ. ಯಾರೋ ಕೈ ಹಿಡಿದು ಕರೆದಂತೆ ಅಂಚಿನ ಗೆರೆಗೆ ಇಳಿಯಿತು. ಗೆರೆ ಹಿಡಿದು, ಎಲೆಗಳ ಪಕ್ಕದಲ್ಲೇ, ಸದ್ದಿಲ್ಲದೆ ಕೊನೆಯವರೆಗೆ ಹರಿಯಿತು. ಅಲ್ಲಿ ಒಂದು ಹಿತ್ತಾಳೆ ಬಟ್ಟಲಿನಲ್ಲಿ ಚೆಂಡುಹೂವು ಇಟ್ಟಿದ್ದರು. ನೀರು ಬಟ್ಟಲಿನ ಬುಡಕ್ಕೆ ಹೋಗಿ ಕಾಣೆಯಾಯಿತು. ಒಂದು ಗಳಿಗೆ ಬಿಟ್ಟು ಮೇಜಿನ ಕೆಳಗೆ ನೆಲದ ಮೇಲೆ ತೊಟ್ಟಿಕ್ಕುವ ಸದ್ದು ಕೇಳಿತು. ಟಪ್. ಟಪ್. ಟಪ್.

"ನೋಡಿದ್ರಾ! ನೋಡಿದ್ರಾ! ನಾನು ಸುಳ್ಳು ಯೋಳ್ತೀನಾ?" ಎಂದು ಚನ್ನಲಿಂಗಪ್ಪ ಕೈ ತಟ್ಟಿದ.

ಮಂಗಳಗೌರಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆ ಸದ್ದನ್ನು ಅವಳು ಕೇಳಿದ್ದಳು. ಶಶಾಂಕ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ ಕಾಲ. ಗಿರಣಿಗೆ ರಾಗಿ ತರಲು ಕೋಡಿಹಳ್ಳಿ ಕಡೆ ಸ್ಕೂಟರಿನಲ್ಲಿ ಹೋದ ಗಂಡನಿಗೆ ತಿರುವಿನಲ್ಲಿ ಲಾರಿ ಹೊಡೆದಿತ್ತು. ಯಾವುದೋ ಹಳ್ಳಿಯ ಆಸ್ಪತ್ರೆ, ಹಿಂದಿನ ಅಂಗಳ, ಒಂದು ಹಸಿರು ಬಾಗಿಲು. ಒಳಗೆ ಬರಬೇಡಿ ಎಂದವರನ್ನು ತಳ್ಳಿ ನುಗ್ಗಿದ್ದಳು. ಒಬ್ಬ ಮುದುಕ ಬಕೆಟ್ಟಿನಿಂದ ನೀರು ಹುಯ್ಯುತ್ತಿದ್ದ. ಹೆಣ ಕುಯ್ಯುವ ಕರಿಕಲ್ಲು. ಅದರ ಮೇಲೆ ಗಂಡ. ನೀರು ಅಂಚಿನ ಗೆರೆ ಹಿಡಿದು ಹರಿದು, ಕಾಲಿನ ಕಡೆಯ ತೂತಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆ ಊರು ಯಾವುದು, ಕಟ್ಟಡ ಹೇಗಿತ್ತು, ಮನೆಗೆ ಹೇಗೆ ಬಂದಳು, ಒಂದೂ ಅವಳಿಗೆ ನೆನಪಿರಲಿಲ್ಲ. ಕಲ್ಲು ನೆನಪಿತ್ತು.

ಅವಳು ಎಲೆ ಮಡಚಿ ಎದ್ದಳು. "ಯಾಕಮ್ಮ?" ಎಂದ ಶಶಾಂಕ. "ಕೈ ತೊಳ್ಕಂಡ್ ಬತ್ತೀನಿ" ಎಂದಳು.

ಅಡಿಗೆಮನೆಯಲ್ಲಿ ಅಡಿಗೆಯ ತಾಹೇರಾ ಮೊಣಕಾಲೆತ್ತಿ ಮಣೆಯ ಮೇಲೆ ಕೂತು ತನ್ನ ಊಟ ಮುಗಿಸುತ್ತಿದ್ದಳು. ಬಂಗಲೆಗೆ ಬಂದವರು ಅಡಿಗೆಮನೆಗೆ ಬರುವುದು ಅಪರೂಪ, ಗಾಬರಿಯಿಂದ ಎದ್ದಳು.

"ಉಪ್ಪು ಜಾಸ್ತಿ ಆಯ್ತೇನಮ್ಮ?"

"ನೀನು ಈ ಊರೋಳೇನವ್ವ?"

"ಹೂಂ ಅಮ್ಮ. ಹುಟ್ಟಿದ್ದೂ ಇಲ್ಲೇ, ಕೊಟ್ಟಿದ್ದೂ ಇಲ್ಲೇ."

"ಆ ಕಲ್ಲು..." ಎಂದಳು ಮಂಗಳಗೌರಿ. ಮುಂದೆ ಹೇಳಬೇಕಾಗಿರಲಿಲ್ಲ. ತಾಹೇರಾಳ ಕೈಯಲ್ಲಿದ್ದ ತಟ್ಟೆ ಸೊಟ್ಟಗಾಗಿ ಸಾರು ನೆಲಕ್ಕೆ ಚೆಲ್ಲಿತು.

"ಯಾ ಅಲ್ಲಾ. ಯಾರ್ ಯೋಳಿದ್ರಮ್ಮ ನಿಮ್ಗೆ?"

"ಯಾರೂ ಯೋಳಿಲ್ಲ. ನಾನು ನೋಡಿದ್ದೆ."

ತಾಹೇರಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮದ್ಲು ಇದು ಆಸ್ಪತ್ರೆ ಅಮ್ಮ. ಆಸ್ಪತ್ರೆ ಹೊಸ ಬಿಲ್ಡಿಂಗ್‌ಗೆ ಹೋದ್ಮೇಲೆ ಹಾವು ಚೇಳು ಸೇರ್ಕಂಡಿದ್ವು. ಈ ಬೆಂಗ್ಳೂರೋರು ಬಂದಾಗ ಆ ಕಲ್ಲು ತೆಗ್ಸಕ್ಕೆ ನೋಡಿದ್ರು. ಹತ್ತಾಳು ಹಾರೆ ಹಾಕಿದ್ರೂ ಅಳ್ಳಾಡ್ಲಿಲ್ಲ. ತೆಗ್ಯಕ್ಕಾಗ್ದೆ ಅದನ್ನೇ ಊಟದ್ ಮೇಜು ಮಾಡ್ಬುಟ್ರು. ನಾವು ಊರೋರು ಯಾರೂ ಅದ್ರ ಮ್ಯಾಲೆ ಉಣ್ಣಲ್ಲ. ಬಂದೋರ್ಗೆ ಯೋಳಿದ್ರೆ ನನ್ ಕೆಲ್ಸ ಹೋಯ್ತದೆ." ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು: "ನಿಮ್ಮೋರಾ ಅಮ್ಮ?"

ಮಂಗಳಗೌರಿ ತಲೆಯಾಡಿಸಿದಳು.

ಜಗಲಿಯ ಮೇಲೆ ಶಂಭುಲಿಂಗ ಎಲೆ ಅಡಿಕೆ ಹಾಕಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟು, ಮಳೆ ನೋಡುತ್ತ ಕೂತಿದ್ದ. ಅಕ್ಕ ಬಂದು ಪಕ್ಕದಲ್ಲಿ ಕೂತು ಹೇಳಿದಳು. ಅವನು ನಂಬಲಿಲ್ಲ. ಅವತ್ತು ಹೆಣ ಬಿಡಿಸಿಕೊಳ್ಳಲು ಸಹಿ ಹಾಕಿದವನು ಅವನೇ, ಆದರೆ ಕೋಣೆಯೊಳಗೆ ಹೋಗುವ ಧೈರ್ಯ ಸಾಲದೆ ಹೊರಗೆ ಒಂದು ಬೇವಿನ ಮರದ ಕೆಳಗೆ ಕೂತಿದ್ದ. ಈಗ ಕತ್ತೆತ್ತಿ ಅಂಗಳದ ಆಚೆ ನೋಡಿದ. ಮಳೆಯಲ್ಲಿ ಬೇವಿನ ಮರ ನಿಂತಿತ್ತು, ಬುಡಕ್ಕೆ ಹೊಸದಾಗಿ ಕಟ್ಟೆ ಕಟ್ಟಿ ಸಣ್ಣ ಸಣ್ಣ ದೀಪ ಸುತ್ತಿದ್ದರು. ಶಂಭುಲಿಂಗನ ಬಾಯಿ ತೆರೆದುಕೊಂಡಿತು. ಎಲೆ ಅಡಿಕೆ ಹಾಗೇ ಪಂಚೆಯ ಮೇಲೆ ಬಿತ್ತು.

"ಅಕ್ಕಾ, ನಾನು ಅದ್ರ ಮ್ಯಾಲೆ ಐದು ಹೋಳ್ಗೆ ತಿಂದೆ ಕಣಕ್ಕಾ" ಎಂದವನೇ ಜಗಲಿಯ ಕಂಬ ಹಿಡಿದು ಅಂಗಳಕ್ಕೆ ಬಗ್ಗಿದ. ತಿಂದದ್ದೆಲ್ಲ ಮಳೆಯ ಪಾಲಾಯಿತು.

ಬಾಯಿ ತೊಳೆದು ಬಂದು ಕೂತ. ಆಮೇಲೆ, "ಯೋಳ್ಬ್ಯಾಡ ಅಕ್ಕ" ಎಂದ. "ಲಿಂಗ ಕಟ್ಟಿದೋರ್ಗೆ ಸೂತಕ ಇಲ್ಲ ಅಂತ ಅಪ್ಪ ಯೋಳ್ತಿರ್ಲಿಲ್ವಾ? ಆ ಯಮ್ಮ ಸೌಮ್ಯಶ್ರೀ ಕಾಗೆ ಕೂಗಿದ್ರೇ ಕಾಲು ಹಿಂದಕ್ಕಿಡೋಳು. ಇದನ್ನ ಕೇಳಿದ್ರೆ ಇವತ್ತೇ ಗಂಟು ಮೂಟೆ ಕಟ್ತಾಳೆ. ನಮ್ ಹುಡ್ಗನ ಮೊಖ ನೋಡು. ಆ ಹುಡ್ಗಿ ಇಲ್ದಿದ್ರೆ ಅವ್ನು ಇನ್ನೊಂದು ನೋಡ್ತಾನಾ?"

"ಸೂತಕದ್ ಮಾತಲ್ಲ ಕಣೋ. ಅವ್ರನ್ನ ಮಲಗ್ಸಿದ್ದ ಕಡೆ ನಾನು ಎಲೆ ಅಡ್ಕೆ ಇಡ್ಲಾ? ನಗ್ತಾ ಇಡ್ಲಾ?"

"ಹಂಗಾರೆ ಏನಾರ ನೆಪ ಯೋಳು. ನೆಲದ್ ಮ್ಯಾಲೆ ಮಾಡನ ಅನ್ನು."

ರಾತ್ರಿ ಊಟಕ್ಕೆ ಅಕ್ಕ ತಮ್ಮ ಇಬ್ಬರೂ ಬರಲಿಲ್ಲ. ಅವಳು ಒಪ್ಪತ್ತು ಎಂದಳು, ಅವನು ಹೊಟ್ಟೆ ಸರಿಯಿಲ್ಲ ಎಂದ. "ಐದ್ ಹೋಳ್ಗೆಗೇ ಹಿಂಗಾ? ನಮ್ ತಾತ ಐವತ್ತು ತಿಂದು ಮಾಗಡಿಯಿಂದ ಶಿವಗಂಗೆಗೆ ನಡ್ಕಂಡ್ ಹೋಗಿ, ಅಲ್ಲಿ ಹಸಿವಾಯ್ತದೆ ಅಂದಿದ್ರು" ಎಂದು ಚನ್ನಲಿಂಗಪ್ಪ ಒಳಗಿನಿಂದ ಕೂಗಿ ಹೇಳಿದ.

ಭಾನುವಾರ ಬೆಳಿಗ್ಗೆಯೂ ಮಳೆ ನಿಂತಿರಲಿಲ್ಲ. ಹಳ್ಳ ತುಂಬಿ ದಾರಿ ಕಟ್ಟಿದ್ದರಿಂದ ಶಾಸ್ತ್ರ ಮಾಡಿಸಬೇಕಿದ್ದ ಅಯ್ಯನವರು ಬರಲಾಗದೆ, ಫೋನಿನಲ್ಲೇ ಗಳಿಗೆ ಹೇಳಿ, ಹಿರಿಯರೇ ತಾಂಬೂಲ ಬದಲಾಯಿಸಿಕೊಳ್ಳಿ ಎಂದಿದ್ದರು. ಸೌಮ್ಯಶ್ರೀ ಕಲ್ಲಿನ ಮೇಜನ್ನು ಒರೆಸಿ, ಮೇಲೆ ಕೆಂಪು ರೇಷ್ಮೆ ವಸ್ತ್ರ ಹಾಸುತ್ತಿದ್ದಳು. ತಟ್ಟೆಗಳಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಸಿದ್ಧವಾಗಿದ್ದವು. ಶ್ರುತಿ ಹಸಿರು ಸೀರೆ ಉಟ್ಟು ಬಾಗಿಲ ಹತ್ತಿರ ನಿಂತಿದ್ದಳು.

ಮಂಗಳಗೌರಿ ಕೋಣೆಯ ಮೂಲೆಯಲ್ಲಿ, ಮೇಜಿನಿಂದ ಆದಷ್ಟು ದೂರ, ತಾನು ತಂದಿದ್ದ ಕಂಬಳಿ ಹಾಸಿದಳು.

"ಇಲ್ಲಿ ಮಾಡನ. ನಮ್ ಕಡೆ ನೆಲದ್ ಮ್ಯಾಲೆ, ಕಂಬ್ಳಿ ಮ್ಯಾಲೇ ವಾಡ್ಕೆ" ಎಂದಳು.

ಚನ್ನಲಿಂಗಪ್ಪನ ಮುಖ ಸಣ್ಣಗಾಯಿತು. "ಅದೇನು ತಾಯಿ ಹಿಂಗಂತೀರಿ? ಕಂಬ್ಳಿ ನಮ್ಮ ಮನೇಲೂ ಇಲ್ವಾ? ಈ ಕಲ್ಗೋಸ್ಕರ ಇಷ್ಟು ದೂರ ಬಂದಿದ್ದು."

"ಕಲ್ಲು ಬ್ಯಾಡ."

"ಯಾಕ್ ಬ್ಯಾಡ? ನಾವು ತೋರ್ಸಿದ್ದು ನಿಮ್ಗೆ ಆಗ್ಬರಾಕಿಲ್ವಾ? ನೆನ್ನೆ ರಾತ್ರಿ ಊಟಕ್ಕೂ ಬರ್ಲಿಲ್ಲ ನೀವು. ನಾನೇನು ದಡ್ಡನಾ?"

"ಬೀಗ್ರೇ, ಹಂಗಲ್ಲ" ಎಂದು ಶಂಭುಲಿಂಗ ನಡುವೆ ಬಂದ. "ಅಕ್ಕಂಗೆ ಸೊಂಟ ನೋವು, ಕುರ್ಚಿ ಮ್ಯಾಲೆ ಕೂರಕ್ಕಾಗಲ್ಲ."

"ನೆಲದ್ ಮ್ಯಾಲೆ ಕೂರಕ್ಕಾಯ್ತದಾ?" ಎಂದಳು ಸೌಮ್ಯಶ್ರೀ ಚೂಪಾಗಿ. "ಈಗ್ಲೇ ಹಿಂಗಾದ್ರೆ ನಾಳೆ ನಮ್ ಹುಡ್ಗಿ ಅಲ್ಲಿ ಏನ್ ಬಾಳ್ಯಾಳು?"

ಶ್ರುತಿ ಶಶಾಂಕನ ಕಡೆ ನೋಡಿದಳು. ಶಶಾಂಕ ಅಮ್ಮನ ಕಡೆ ನೋಡಿದ. ಅಮ್ಮ ಕಂಬಳಿಯ ಸುಕ್ಕು ತೀಡುತ್ತಲೇ ಇದ್ದಳು. ತೀಡಲು ಅಲ್ಲಿ ಸುಕ್ಕು ಇರಲಿಲ್ಲ.

ಮಾತು ಕೆಡುತ್ತಿದೆ ಎಂದು ಚನ್ನಲಿಂಗಪ್ಪನಿಗೂ ಗೊತ್ತಾಯಿತು. ಅವನಿಗೆ ಜಗಳ ಆಡಿ ಅಭ್ಯಾಸವಿರಲಿಲ್ಲ. ಎಲ್ಲಿ ಮಾತು ಕೆಟ್ಟರೂ ಒಂದು ಸುಳ್ಳು ಹೇಳಿ, ನಗಿಸಿ, ಗಂಟು ಬಿಡಿಸಿಯೇ ಅವನು ಇಷ್ಟು ಮದುವೆಗಳ ಚಪ್ಪರ ಇಳಿಸಿದ್ದು. ಈಗಲೂ ಅದನ್ನೇ ಮಾಡಲು ಹೋದ.

"ತಾಯಿ, ಈ ಕಲ್ಲಿನ ಮಹಿಮೆ ನಿಮ್ಗೆ ಗೊತ್ತಿಲ್ಲ. ಉಣ್ಣಕ್ ಮಾತ್ರ ಅಲ್ಲ ಇದು. ಹುಲಿ ಹೊಡ್ದು ದಣಿದು ಬಂದ ಮಹಾರಾಜ್ರಿಗೆ ಹಂಸತೂಲಿಕಾ ಮಂಚದ್ ಮ್ಯಾಲೂ ನಿದ್ದೆ ಬರ್ತಿರ್ಲಿಲ್ವಂತೆ. ಉಂಡಿದ್ದೇ ತಡ ಎಲೆ ತೆಗ್ಸಿಬುಟ್ಟು, ಇದ್ರ ಮ್ಯಾಲೇ..." ಎನ್ನುತ್ತ ತಟ್ಟೆಗಳನ್ನು ಒತ್ತಟ್ಟಿಗೆ ಸರಿಸಿ, ಪಂಚೆ ಮೇಲೆ ಕಟ್ಟಿ, ಕುರ್ಚಿ ಹತ್ತಿ ಮೇಜಿನ ಮೇಲೆ ಕೂತ. "ಹಿಂಗೆ ಕಾಲು ಚಾಚಿ..."

"ಅಪ್ಪ, ಏನಿದು!" ಎಂದು ಶ್ರುತಿ ನಗು ಬಂದು ಕೂಗಿದಳು.

ಚನ್ನಲಿಂಗಪ್ಪ ಕೆಂಪು ರೇಷ್ಮೆಯ ಮೇಲೆ ಉದ್ದಕ್ಕೆ ಮಲಗಿದ. ಎರಡೂ ಕೈ ಎದೆಯ ಮೇಲೆ ಜೋಡಿಸಿಕೊಂಡ. ಕಣ್ಣು ಮುಚ್ಚಿದ. "ಹಿಂಗೇ ಮಲಗ್ಬುಡೋರಂತೆ. ಮಿಸುಕ್ತಾನೇ ಇರ್ಲಿಲ್ವಂತೆ."

"ಎದ್ದೇಳೀ!"

ಯಾರ ದನಿ ಎಂದು ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಅಡಿಗೆಮನೆಯಿಂದ ತಾಹೇರಾ ಓಡಿ ಬಂದಳು. ಮಂಗಳಗೌರಿ ಎರಡೂ ಕೈ ಮುಂದೆ ಚಾಚಿ, ಬೀಳುತ್ತಿರುವ ಮಗುವನ್ನು ಹಿಡಿಯಲು ಹೋದವಳ ಹಾಗೆ ನಿಂತಿದ್ದಳು.

"ಎದ್ದೇಳಿ ಅಲ್ಲಿಂದ, ನಿಮ್ಮ ಕಾಲಿಗ್ ಬೀಳ್ತೀನಿ, ಎದ್ದೇಳಿ. ಶಶಾಂಕನ ಅಪ್ಪನ್ನ ಅಲ್ಲೇ ಮಲಗ್ಸಿದ್ರು. ಹಿಂಗೇ ಮಲಗ್ಸಿದ್ರು. ಅದು ಹೆಣ ಕುಯ್ಯೋ ಕಲ್ಲು."

ಚನ್ನಲಿಂಗಪ್ಪ ಕಣ್ಣು ಬಿಟ್ಟ, ಆದರೆ ಏಳಲಿಲ್ಲ. ಏಳಲು ಆಗಲಿಲ್ಲ. ಮೇಲಿನ ತೊಲೆಗಳನ್ನೇ ನೋಡುತ್ತ, ಕೈ ಎದೆಯ ಮೇಲಿಂದ ತೆಗೆಯಲೂ ಹೆದರಿ, ಹಾಗೇ ಬಿದ್ದಿದ್ದ. ಮದುವೆಯಾದಾಗಿನಿಂದ ಅವನ ಬಾಯಲ್ಲಿ ಮಾತು ಮುಗಿದದ್ದನ್ನು ಹೆಂಡತಿಯೂ ಕಂಡಿರಲಿಲ್ಲ. ಸೌಮ್ಯಶ್ರೀ "ಶಿವ ಶಿವಾ" ಎನ್ನುತ್ತ ಗೋಡೆಗೆ ಒರಗಿದಳು. ಕೊನೆಗೆ ಶ್ರುತಿಯೇ ಹೋಗಿ ಅಪ್ಪನ ತೋಳು ಹಿಡಿದು ಎಬ್ಬಿಸಿದಳು. ಅವನು ಇಳಿದು, ಯಾರ ಮುಖವನ್ನೂ ನೋಡದೆ, ಬರಿಗಾಲಲ್ಲಿ ಅಂಗಳಕ್ಕೆ ಹೋಗಿ ಮಳೆಯಲ್ಲಿ ನಿಂತ. ಮಣ್ಣಿಗೆ ಹೋಗಿ ಬಂದವರು ತಲೆಗೆ ನೀರು ಹುಯ್ದುಕೊಳ್ಳುವ ಹಾಗೆ ಎರಡೂ ಕೈಯಲ್ಲಿ ತಲೆ ಉಜ್ಜಿಕೊಂಡ.

"ನೆನ್ನೆ ಎಲ್ರೂ ಅದ್ರ ಮ್ಯಾಲೇ ಉಂಡ್ವಲ್ಲ" ಎಂದಳು ಸೌಮ್ಯಶ್ರೀ. ಆಮೇಲೆ ಮೆಲ್ಲಗೆ ತಟ್ಟೆಯ ಎಲೆಗಳನ್ನು ಬುಟ್ಟಿಗೆ ತುಂಬತೊಡಗಿದಳು. "ಇವತ್ತು ಬ್ಯಾಡ. ಇನ್ನೊಂದ್ ದಿನ ನೋಡಾನ."

ಶಂಭುಲಿಂಗ ಕಣ್ಣು ಮುಚ್ಚಿಕೊಂಡ. ಮಂಗಳಗೌರಿ ಬಗ್ಗಿ ಕಂಬಳಿ ಮಡಚಲು ಶುರು ಮಾಡಿದಳು. ಅಡ್ಡ ಒಂದು ಮಡಿಕೆ, ಉದ್ದ ಒಂದು ಮಡಿಕೆ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು.

ಬಾಗಿಲಲ್ಲಿ ಚನ್ನಲಿಂಗಪ್ಪ ಬಂದು ನಿಂತ. ಜರಿ ಶಲ್ಯ, ಅಂಗಿ, ಮೀಸೆ, ಎಲ್ಲದರಿಂದ ನೀರು ಇಳಿಯುತ್ತಿತ್ತು.

"ತಾಯಿ" ಎಂದ. "ಯಜಮಾನ್ರ ಹೆಸ್ರೇನು? ನಾನು ಕೇಳ್ಲೇ ಇಲ್ಲ."

ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಅಕ್ಕನ ಪರವಾಗಿ ಹೇಳಲು ಶಂಭುಲಿಂಗ ಬಾಯಿ ತೆರೆದ. ಅವನಿಗಿಂತ ಮುಂಚೆ ಮಂಗಳಗೌರಿ ಹೇಳಿದಳು.

"ಮರಿಲಿಂಗಪ್ಪ."

"ಮರಿಲಿಂಗಪ್ಪ" ಎಂದು ಅವನೂ ಒಂದು ಸಲ ಹೇಳಿಕೊಂಡ. ತಟ್ಟೆ ಎತ್ತಿಕೊಂಡು, ಹೆಂಡತಿಯ ಬುಟ್ಟಿಯಿಂದ ಎಲೆಗಳನ್ನು ತೆಗೆದು ತಾನೇ ಮತ್ತೆ ಜೋಡಿಸಿದ. ಅಡಿಕೆ ಉರುಳಿತು, ಹೆಕ್ಕಿ ಇಟ್ಟ. "ಮರಿಲಿಂಗಪ್ಪನೋರ ಮಗ್ನಿಗೆ ನನ್ ಮಗ್ಳನ್ನ ಕೊಡ್ತೀನಿ. ನೀವು ಕಂಬ್ಳಿ ಎಲ್ಲಿ ಹಾಸ್ತೀರೋ ಅಲ್ಲಿ ಕೂರ್ತೀನಿ."

"ರೀ!" ಎಂದಳು ಸೌಮ್ಯಶ್ರೀ.

"ಸುಮ್ಕಿರು."

ಶ್ರುತಿ ಹೋಗಿ ಮಂಗಳಗೌರಿಯ ಕೈಯಿಂದ ಕಂಬಳಿ ತೆಗೆದುಕೊಂಡು, ಮಡಿಕೆ ಬಿಡಿಸಿ ಹಾಸಿದಳು. ಚನ್ನಲಿಂಗಪ್ಪ ತಟ್ಟೆ ಹಿಡಿದು ಅಂಚಿನಲ್ಲಿ ಕೂತ. ಎದುರಿಗೆ ಶಂಭುಲಿಂಗ ಕೂತ. ಹುಡುಗನಿಗಾಗಿ ತಿರುಗಿ ನೋಡಿದರು.

ಶಶಾಂಕ ಬಂದಿರಲಿಲ್ಲ. ಅವನು ಕಲ್ಲಿನ ಹತ್ತಿರ ನಿಂತಿದ್ದ. ಅಪ್ಪ ಕನಕಪುರದ ದೊಡ್ಡ ಆಸ್ಪತ್ರೆಯಲ್ಲಿ, ಮಂಚದ ಮೇಲೆ, ನಿದ್ದೆ ಹೋದ ಹಾಗೆ ತೀರಿಕೊಂಡರು ಎಂದು ಅವನಿಗೆ ಹೇಳಿ ಬೆಳೆಸಿದ್ದರು. ಅವನು ರೇಷ್ಮೆ ವಸ್ತ್ರವನ್ನು ಒಂದು ಕಡೆಯಿಂದ ಸುತ್ತಿ ಕುರ್ಚಿಯ ಮೇಲಿಟ್ಟ. ಕಲ್ಲು ಬರಿದಾಯಿತು.

"ಅಮ್ಮ, ಅಪ್ಪ ಎಷ್ಟುದ್ದ ಇದ್ರು?"

ಮನೆಯಲ್ಲಿ ಇರುವುದು ಒಂದೇ ಫೋಟೋ, ಎದೆಯ ಮಟ್ಟದ್ದು. ಮಂಗಳಗೌರಿ ನಿಧಾನವಾಗಿ ಬಂದಳು. ನಿನ್ನೆಯಿಂದ ಅವಳು ಆ ಕಲ್ಲನ್ನು ಮುಟ್ಟಿರಲಿಲ್ಲ. ತಲೆಯ ಕಡೆ ಬಂದು ಅಂಗೈ ಊರಿದಳು.

"ತಲೆ ಇಲ್ಲಿತ್ತು" ಎಂದಳು. ಅಂಚು ಹಿಡಿದುಕೊಂಡೇ ಇನ್ನೊಂದು ತುದಿಯ ಕಡೆ ನಡೆದು, ತುದಿ ಮುಟ್ಟುವ ಮುಂಚೆಯೇ ನಿಂತಳು. ಸ್ವಲ್ಪ ಯೋಚಿಸಿ ಅರ್ಧ ಹೆಜ್ಜೆ ಹಿಂದೆ ಬಂದಳು. "ಕಾಲು ಇಲ್ಲಿಗೆ."

"ಗಳಿಗೆ ಮೀರ್ತದೆ" ಎಂದು ಸೌಮ್ಯಶ್ರೀ ಪಿಸುಗುಟ್ಟಿದಳು.

"ಮೀರ್ಲಿ. ಒಸಿ ತಡಿ" ಎಂದ ಚನ್ನಲಿಂಗಪ್ಪ.

ಶಶಾಂಕ ಅಮ್ಮ ಮೊದಲು ಕೈಯ ಗುರುತು ಬಿಟ್ಟ ಕಡೆಗೆ ಬಂದು ಬಗ್ಗಿದ. ಹೆಬ್ಬೆರಳನ್ನು ಅಲ್ಲಿ ಊರಿ, ಕಿರುಬೆರಳನ್ನು ಚಾಚಿದಷ್ಟು ಚಾಚಿ, ಒಂದು ಗೇಣು ಇಟ್ಟ. ಆಮೇಲೆ ಕಿರುಬೆರಳಿದ್ದ ಜಾಗಕ್ಕೆ ಹೆಬ್ಬೆರಳು ತಂದು ಇನ್ನೊಂದು ಗೇಣು. ತುಟಿ ಅಲುಗುತ್ತಿತ್ತು, ಲೆಕ್ಕ ಕೇಳಿಸುತ್ತಿರಲಿಲ್ಲ. ಆ ತುದಿಯಲ್ಲಿ ಅಮ್ಮ ಕೈ ತೆಗೆಯದೆ ನಿಂತಿದ್ದಳು, ಅವನು ಗೇಣು ಗೇಣಾಗಿ ಅವಳ ಕಡೆಗೆ ಬರುತ್ತಿದ್ದ.